ಓಟದ ಅಭ್ಯಾಸಕ್ಕೆ ಒಂದು ದಿನವೂ ರಜೆ ಬೇಡವೇ? ನಿಜಾಂಶ ಏನು?

ಪೊಲೀಸ್ ಅಥವಾ ಸೇನಾ ನೇಮಕಾತಿಯ ಸುದ್ದಿ ಬಂದರೆ ಸಾಕು, ನಂಜನಗೂಡು, ತಿ. ನರಸೀಪುರದ ಕಡೆ ನಸುಕಿನಲ್ಲೇ ಓಟ ಶುರು. ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ಉಪದೇಶವೂ ಶುರು: "ಒಂದು ದಿನ ಬಿಟ್ಟರೆ ಸ್ಟ್ಯಾಮಿನಾ ಹೋಯಿತು, ನೋವಾದರೂ ನಿಲ್ಲಿಸಬೇಡಿ." ಇದು ನಿಜವೇ?

ನಿಜವಲ್ಲ. ಓಡುವಾಗ ದೇಹ ದಣಿಯುತ್ತದೆ. ಅದು ಗಟ್ಟಿಯಾಗುವುದು ಆಮೇಲೆ, ನಿದ್ದೆ, ಊಟ ಮತ್ತು ವಿಶ್ರಾಂತಿಯಲ್ಲಿ. ಒಂದೆರಡು ದಿನದ ಬಿಡುವಿನಿಂದ ದಮ್ಮು ಕಡಿಮೆಯಾಗುವುದಿಲ್ಲ. ಬಿಡುವೇ ಇಲ್ಲದೆ ದಣಿವು ಕೂಡುತ್ತಾ ಹೋದರೆ 'ಓವರ್‌ಟ್ರೇನಿಂಗ್' ಆಗಬಹುದು. ಅದರಿಂದ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು. ಅಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ!

ಗುರುತಿಸುವುದು ಹೇಗೆ?

ರಾಜ್ಯದ ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಅಂದರೆ 400 ಮೀಟರಿನ ಒಂದು ಸುತ್ತಿಗೆ ಸುಮಾರು 97 ಸೆಕೆಂಡು. ಅಭ್ಯಾಸ ಹೆಚ್ಚಿಸಿದರೂ, ಕೆಲವು ದಿನ ವಿಶ್ರಾಂತಿ ಪಡೆದರೂ ಈ ಸಮಯ ಹದಗೆಡುತ್ತಲೇ ಇದ್ದರೆ ಅದೇ ಮುಖ್ಯ ಸೂಚನೆ. ಇವನ್ನೂ ಗಮನಿಸಿ:

• ದಣಿದಿದ್ದರೂ ನಿದ್ದೆ ಬಾರದಿರುವುದು
• ಸಿಡುಕು, ಓಟದಲ್ಲಿ ಬೇಸರ
• ಊಟ ಸೇರದಿರುವುದು, ತೂಕ ಇಳಿಯುವುದು
• ಪದೇ ಪದೇ ನೆಗಡಿ
• ಹುಡುಗಿಯರಲ್ಲಿ ಮುಟ್ಟು ತಪ್ಪುವುದು

ಬೆಳಿಗ್ಗೆ ಎದ್ದ ಕೂಡಲೇ ನಾಡಿ ಎಣಿಸುವುದು ಒಳ್ಳೆಯ ಅಭ್ಯಾಸ. ಆದರೆ ಅದೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಓವರ್‌ಟ್ರೇನಿಂಗ್ ಪತ್ತೆಗೆಂದೇ ಯಾವ ರಕ್ತಪರೀಕ್ಷೆಯೂ ಇಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳಲ್ಲೂ ಇಂಥದೇ ಸುಸ್ತು ಇರುತ್ತದೆ. ಹಾಗಾಗಿ ವೈದ್ಯರಿಂದ ಮೊದಲು ಅವನ್ನು ಪರೀಕ್ಷಿಸಿಕೊಳ್ಳಿ.

ತಡೆಯುವುದು ಹೇಗೆ?

ವಾರಕ್ಕೆ ಎರಡು ದಿನ ಮಾತ್ರ ಜೋರು ಓಟ ಸಾಕು. ಉಳಿದ ದಿನ ಮಾತಾಡುತ್ತಾ ಓಡುವಷ್ಟು ನಿಧಾನವಾಗಿ ಓಡಿ. ಒಂದು ದಿನ ಪೂರ್ತಿ ರಜೆ ಇರಲಿ. ಗದ್ದೆ ಕೆಲಸ, ರಾತ್ರಿ ಪಾಳಿಯೂ ದೇಹಕ್ಕೆ ದಣಿವೇ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಏಳೆಂಟು ಗಂಟೆ ನಿದ್ದೆ ಮಾಡಿ. ಹೊಟ್ಟೆ ತುಂಬ ಮುದ್ದೆ, ಅನ್ನ, ಬೇಳೆ, ಮೊಟ್ಟೆ ತಿನ್ನಿ. ಓಡಿ ಬಂದ ಮೇಲೆ ನಂಜನಗೂಡು ರಸಬಾಳೆ ಸಿಕ್ಕರೆ ಇನ್ನೂ ಒಳ್ಳೆಯದು, ಯಾವ ಬಾಳೆಹಣ್ಣಾದರೂ ಆದೀತು. ಪರೀಕ್ಷೆಯ ಹಿಂದಿನ ವಾರ ಓಟ ಕಡಿಮೆ ಮಾಡಿ.

ಓಡುವಾಗ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಅಥವಾ ಆಮೇಲೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ವಿಶ್ರಾಂತಿ ಸಾಲದು. ಕೂಡಲೇ ಆಸ್ಪತ್ರೆಗೆ ಹೋಗಿ, ಬೇಕಿದ್ದರೆ 108ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: "ಒಂದು ದಿನವೂ ರಜೆ ಬೇಡ" ಎಂಬ ಮಾತು ತಪ್ಪು. ರಜೆಯೂ ಅಭ್ಯಾಸದ ಭಾಗವೇ. ಆ ಸಂದೇಶ ಕಳಿಸಿದ ಗುಂಪಿಗೆ ಇದನ್ನೂ ಕಳಿಸಿ.