ಕೋಟದ ಜಗಲಿಯಲ್ಲಿ ಸಿಕ್ಕ ಸುಳಿವು

ಬ್ರಹ್ಮಾವರ ದಾಟಿ ಹೆದ್ದಾರಿಯಲ್ಲಿ ಕುಂದಾಪುರದ ಕಡೆ ಹೊರಟರೆ ಸಾಲಿಗ್ರಾಮದ ಬೆನ್ನಿಗೇ ಕೋಟ ಸಿಗುತ್ತದೆ. ಶಿವರಾಮ ಕಾರಂತರು ಹುಟ್ಟಿದ ಊರು, ಅಮೃತೇಶ್ವರಿಯ ಊರು, ಯಕ್ಷಗಾನದ ಮೇಳ ಹೊರಡುವ ಊರು ಎಂದು ಕನ್ನಡಿಗರಿಗೆ ಅದರ ಪರಿಚಯ. ಮನೋವೈದ್ಯರಿಗೆ ಮಾತ್ರ ಈ ಊರು ಬೇರೆಯೇ ಕಾರಣಕ್ಕೆ ಗೊತ್ತು. 1976ರಲ್ಲಿ ಲಂಡನ್ನಿನ ಹೋಗಾರ್ತ್ ಪ್ರೆಸ್ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕ ಪ್ರಕಟಿಸಿತು. ಬರೆದವರು ಜಿ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್. ಒಂದು ಹಳ್ಳಿಯ ವಯಸ್ಕರ ಮನಸ್ಸು ಹೇಗಿದೆ ಎಂದು ಮನೆಬಾಗಿಲಿಗೇ ಹೋಗಿ ವಿಚಾರಿಸಿದ ಪುಸ್ತಕ ಅದು. ಮನಸ್ಸಿನ ಕಾಯಿಲೆಗೆ ಊರಲ್ಲೇ, ಊರಿನವರ ಕೈಯಿಂದಲೇ ಆರೈಕೆ ಸಿಗಬೇಕು ಎಂಬ ಮಾತು ಇಂದು ಸರಕಾರಿ ಸುತ್ತೋಲೆಯಲ್ಲೂ ಇದೆ. ಆ ಮಾತಿನ ಒಂದು ಬೇರು ಕೋಟದ ಮಣ್ಣಿನಲ್ಲಿದೆ.

ಕಾರ್‌ಸ್ಟೇರ್ಸ್ ಅರ್ಧ ಮನೋವೈದ್ಯ, ಅರ್ಧ ಮಾನವಶಾಸ್ತ್ರಜ್ಞ. ಸ್ಕಾಟ್ಲೆಂಡಿನ ಮಿಷನರಿ ದಂಪತಿಗೆ 1916ರಲ್ಲಿ ಮಸ್ಸೂರಿಯಲ್ಲಿ ಹುಟ್ಟಿದವರು. ರಾಜಸ್ಥಾನದ ಹಳ್ಳಿಯಲ್ಲಿ ನೆಲೆಸಿ ಅಲ್ಲಿನ ಮೇಲ್ಜಾತಿಯ ಜನರ ಒಳಬದುಕನ್ನು ಕುರಿತು 1957ರಲ್ಲೇ ಪುಸ್ತಕ ಬರೆದಿದ್ದರು. ಮುಂದೆ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿ ಅವರ ಜೊತೆಯಾದವರು ಯುವ ವೈದ್ಯ ಆರ್. ಎಲ್. ಕಪೂರ್. ಕಪೂರರ ಪತ್ನಿ, ಮನಶ್ಶಾಸ್ತ್ರಜ್ಞೆ ಮಾಳವಿಕಾ ಕಪೂರ್, ಪ್ರಶ್ನಾವಳಿ ಕಟ್ಟುವ ಹಂತದಿಂದಲೇ ಈ ಕೆಲಸದಲ್ಲಿ ಪಾಲುದಾರರು.

ಅವರಿಗೆ ಕೋಟ ಬೇಕಾದದ್ದಕ್ಕೆ ಕಾರಣವಿತ್ತು. ಬದಲಾವಣೆ ಮನುಷ್ಯನ ಮನಸ್ಸನ್ನು ಕೆಡಿಸುತ್ತದೆಯೇ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಒಂದೇ ನೀರು ಕುಡಿಯುವ, ಒಂದೇ ಪೇಟೆಗೆ ಬರುವ, ಆದರೆ ಬೇರೆ ಬೇರೆ ಕಟ್ಟಿನಲ್ಲಿ ಬದುಕುವ ಜನ ಬೇಕು. ಕೋಟದಲ್ಲಿ ಅದು ಸಿದ್ಧವಾಗಿಯೇ ಇತ್ತು. ಬ್ರಾಹ್ಮಣರದು ಮಕ್ಕಳಕಟ್ಟು, ತಂದೆಯ ಆಸ್ತಿ ಮಗನಿಗೆ. ಬಂಟರದು ಅಳಿಯಕಟ್ಟು, ಮನೆತನ ಹೆಣ್ಣಿನ ಕಡೆಯಿಂದ. ಕಡಲ ಬದಿಯ ಮೊಗವೀರರು ಅಳಿಯಕಟ್ಟಿನಿಂದ ಮಕ್ಕಳಕಟ್ಟಿಗೆ ಸರಿಯುತ್ತಿದ್ದರು. 1949ರ ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಲು ದಾರಿ ತೆರೆದಿತ್ತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅದನ್ನು ಇನ್ನಷ್ಟು ಅಗಲಿಸಿತ್ತು. ಸೋದರಮಾವನ ಯಜಮಾನಿಕೆ ಸಡಿಲವಾಗಿ ಗಂಡನ ಮನೆ ಗಟ್ಟಿಯಾಗುವ ಹೊತ್ತು. ಅಂಥ ಹೊತ್ತಿನಲ್ಲಿ ಯಾರ ನಿದ್ದೆ ಕೆಡುತ್ತದೆ, ಯಾರದು ಕೆಡುವುದಿಲ್ಲ?

ಮೊದಲ ತೊಡಕು ಎದುರಾದದ್ದು ಕೇಳುವುದು ಹೇಗೆ ಎಂಬಲ್ಲಿ. ಪಶ್ಚಿಮದಲ್ಲಿ ತಯಾರಾದ ಪ್ರಶ್ನಾವಳಿಗಳು ಅಲ್ಲಿನ ಆಸ್ಪತ್ರೆಗೆ ಬರುವ ರೋಗಿಗಳಿಗೆ ಹೇಳಿ ಮಾಡಿಸಿದವು. ಇಲ್ಲಿ ಜಗಲಿಯಲ್ಲಿ ಕೂತು ವೀಳ್ಯ ಮಡಚುತ್ತಿರುವ ಹೆಂಗಸಿನ ಬಳಿ ‘ನಿಮಗೆ ಖಿನ್ನತೆ ಇದೆಯೇ’ ಎಂದರೆ ಆಕೆ ಮುಖ ನೋಡಿಯಾಳು. ತಲೆ ಉರಿ, ಎದೆ ಡವಡವ, ಕೈಕಾಲು ಜೋಮು, ಉಂಡದ್ದು ಸೇರುವುದಿಲ್ಲ, ಮೈಮೇಲೆ ಏನೋ ಬಂದ ಹಾಗಾಗುತ್ತದೆ: ಇಲ್ಲಿ ಸಂಕಟ ಇಂಥ ಮಾತುಗಳಲ್ಲೇ ಹೊರಬೀಳುತ್ತದೆ. ಅದರಲ್ಲೂ ಮೈಮೇಲೆ ಬರುವುದಕ್ಕೆ ಪಶ್ಚಿಮದ ಪಟ್ಟಿಗಳಲ್ಲಿ ಸರಿಯಾದ ಜಾಗವೇ ಇರಲಿಲ್ಲ.

ಆದ್ದರಿಂದ ಅವರು ತಮ್ಮದೇ ಪ್ರಶ್ನಾವಳಿ ಕಟ್ಟಿದರು. ನೂರಕ್ಕೂ ಹೆಚ್ಚು ಲಕ್ಷಣಗಳನ್ನು ಒಂದೊಂದಾಗಿ ಕೇಳಿ ತಿಳಿಯುವ ಆ ಸಾಧನ 1974ರಲ್ಲಿ ‘ಸೋಶಿಯಲ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಜೊತೆಗೇ ಊರ ಸಮೀಕ್ಷೆಗೆಂದು ಹಂತಹಂತವಾಗಿ ಸಾಗುವ ಇನ್ನೊಂದು ರೂಪವೂ ಬಂತು. ಇದರಲ್ಲಿ ಮೊದಲ ಸುತ್ತಿನ ಮಾತುಕತೆಗೆ ಮನೋವೈದ್ಯರೇ ಬೇಕಿಲ್ಲ. ತರಬೇತಿ ಪಡೆದ ಬೇರೆಯವರು ಕೇಳಬಹುದು, ಮನೆಯವರಲ್ಲೂ ವಿಚಾರಿಸಬಹುದು. ಅಲ್ಲಿ ಏನಾದರೂ ಸುಳಿವು ಕಂಡರೆ ಮಾತ್ರ ಮನೋವೈದ್ಯರು ಕೂತು ವಿವರವಾಗಿ ಮಾತಾಡಬೇಕು. ತಜ್ಞರ ಸಮಯ ಉಳಿಸಲು ಹೂಡಿದ ಉಪಾಯ ಇದು. ಆದರೆ ಅದರೊಳಗೆ ದೊಡ್ಡದೊಂದು ಮಾತು ಅಡಗಿತ್ತು: ಮನಸ್ಸಿನ ತೊಂದರೆಯನ್ನು ಮೊದಲು ಗುರುತಿಸುವ ಕೆಲಸ ತಜ್ಞರಲ್ಲದವರ ಕೈಯಲ್ಲೂ ಆಗುತ್ತದೆ.

ಸಮೀಕ್ಷೆಯ ಜೊತೆಯಲ್ಲೇ ಕಪೂರ್ ಇನ್ನೊಂದು ಪ್ರಶ್ನೆ ಇಟ್ಟುಕೊಂಡರು. ತೊಂದರೆ ಇದ್ದವರು ಎಲ್ಲಿಗೆ ಹೋಗುತ್ತಾರೆ? ಹಳ್ಳಿಯಲ್ಲಿ ಮನೋವೈದ್ಯರಿಲ್ಲ, ಆದ್ದರಿಂದ ಚಿಕಿತ್ಸೆಯೂ ಇಲ್ಲ ಎಂಬುದು ಆಗಿನ ಸಾಮಾನ್ಯ ಗ್ರಹಿಕೆ. ಕೋಟದಲ್ಲಿ ಕಂಡದ್ದು ಅದರ ತಿರುಗುಮುರುಗು. ಊರಲ್ಲಿ ನಾಲ್ಕು ಬಗೆಯ ಗುಣಪಡಿಸುವವರಿದ್ದರು. ಬೇರು, ಕಷಾಯ, ಪಥ್ಯ ಹೇಳುವ ನಾಟಿ ವೈದ್ಯರು. ಗ್ರಹಗತಿ ನೋಡಿ ಯಂತ್ರ, ತಾಯಿತ, ನೂಲು ಕಟ್ಟುವ ಮಂತ್ರವಾದಿಗಳು. ದೈವ ಮೈಮೇಲೆ ಬಂದು ನುಡಿ ಕೊಡುವ ಪಾತ್ರಿಗಳು. ಜೊತೆಗೆ ಇಂಗ್ಲಿಷ್ ಮದ್ದಿನ ಡಾಕ್ಟರು. ಎಲ್ಲರ ಬಾಗಿಲಲ್ಲೂ ಜನ ಇದ್ದರು.

ಈ ಸೀಮೆಯಲ್ಲಿ ಪಾತ್ರಿಯ ದರ್ಶನ ನೋಡಿದವರಿಗೆ ಅದು ನಡೆಯುವ ಕ್ರಮ ಗೊತ್ತು. ಕೆಂಪು ಪಟ್ಟೆ ಉಟ್ಟ ಪಾತ್ರಿ ಕೈಯಲ್ಲಿ ಸಿಂಗಾರ ಹಿಡಿದು ನಿಲ್ಲುತ್ತಾನೆ. ವಾದ್ಯದ ಸದ್ದು ಏರುತ್ತದೆ, ಅಡಿಕೆ ಹೂವಿನ ಗೊಂಚಲು ನಡುಗಲು ಶುರುವಾಗುತ್ತದೆ, ಆಮೇಲೆ ಇಡೀ ಮೈ. ಕಾಯಿಲೆಯಾದವರು ಒಬ್ಬರೇ ಬಂದಿರುವುದಿಲ್ಲ. ಅಣ್ಣ, ಅತ್ತಿಗೆ, ಮಾವ, ನೆರೆಮನೆಯವರು ಎಲ್ಲ ಕೈಮುಗಿದು ನಿಂತಿರುತ್ತಾರೆ. ಪಾತ್ರಿ ಕೇಳುತ್ತಾನೆ, ಮನೆಯವರು ಹೇಳುತ್ತಾರೆ. ನಿಂತುಹೋದ ಹರಕೆ, ಪಾಲಾದ ಮೇಲೆ ಯಾರೂ ದೀಪ ಇಡದ ನಾಗಬನ, ಮಾತುಬಿಟ್ಟ ಅಣ್ಣತಮ್ಮಂದಿರು, ಎಲ್ಲವೂ ಅಲ್ಲಿ ಬಾಯಿಗೆ ಬರುತ್ತವೆ. ಗಂಧ ಪ್ರಸಾದ ಹಿಡಿದು ಮನೆಗೆ ಮರಳುವಾಗ ತಪ್ಪು ಕಾಯಿಲೆಯವರ ಹೆಗಲ ಮೇಲಿರುವುದಿಲ್ಲ, ಅದು ಮನೆತನದ ಬಾಕಿಯಾಗಿರುತ್ತದೆ. ತೀರಿಸುವ ಹೊಣೆ ಎಲ್ಲರದೂ. ದೈವವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಸಂಕಟವನ್ನು ನಾಲ್ಕು ಜನರೆದುರು ಹೇಳಿಕೊಳ್ಳುವುದಕ್ಕೆ ಅಲ್ಲೊಂದು ಜಾಗ ಇದೆ ಎಂಬುದಂತೂ ಕಣ್ಣಿಗೆ ಕಾಣುವ ಸಂಗತಿ.

ಕಪೂರ್ ತಮ್ಮ ಫಲಿತಾಂಶವನ್ನು 1975ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿ’ಯಲ್ಲಿ ಬರೆದರು. ಲಕ್ಷಣಗಳಿದ್ದ ಬಹಳಷ್ಟು ಮಂದಿ ಸುಮ್ಮನೆ ಕೂತಿರಲಿಲ್ಲ, ಯಾರನ್ನಾದರೂ ಕಂಡೇ ಇದ್ದರು. ಅದರಲ್ಲೂ ಹೆಚ್ಚಿನವರು ಮಂತ್ರವಾದಿ ಅಥವಾ ಡಾಕ್ಟರು ಎಂದು ಆಯ್ಕೆ ಮಾಡಿಕೊಂಡಿರಲಿಲ್ಲ, ಇಬ್ಬರ ಹತ್ತಿರವೂ ಹೋಗಿದ್ದರು. ಒಬ್ಬರ ಪ್ರಕಾರ ಕಾರಣ ಶನಿ, ಇನ್ನೊಬ್ಬರ ಪ್ರಕಾರ ನರ. ಎರಡೂ ವಿವರಣೆ ಒಂದಕ್ಕೊಂದು ಕೂಡುವುದಿಲ್ಲವಲ್ಲ ಎಂಬ ಚಿಂತೆ ಜನರಿಗಿರಲಿಲ್ಲ. ಓದುಬರಹ ಕಲಿತವರು ಡಾಕ್ಟರ ಬಳಿ, ಕಲಿಯದವರು ಪಾತ್ರಿಯ ಬಳಿ ಎಂಬ ಊಹೆಯೂ ನಿಲ್ಲಲಿಲ್ಲ. ಯಾರ ಬಳಿ ಹೋಗಬೇಕೆಂಬುದನ್ನು ಅಕ್ಷರ ಅಷ್ಟಾಗಿ ನಿರ್ಧರಿಸುತ್ತಿರಲಿಲ್ಲ.

ಇಲ್ಲಿಂದ ಕಪೂರ್ ತೆಗೆದ ತೀರ್ಮಾನವೇ ಈ ಕತೆಯ ತಿರುವು. ಇಂಥ ಊರಿಗೆ ಹೊಸದಾಗಿ ಒಬ್ಬ ಮನೋವೈದ್ಯರನ್ನು ತಂದು ಕೂರಿಸಿದರೆ ಅವರು ಇದ್ದವರೊಡನೆ ಪೈಪೋಟಿಗೆ ನಿಲ್ಲುವ ಐದನೆಯವರಾಗುತ್ತಾರೆ ಅಷ್ಟೆ. ಅದರ ಬದಲು ಜನ ಈಗಾಗಲೇ ನಂಬಿ ಹೋಗುತ್ತಿರುವವರಿಗೇ, ಡಾಕ್ಟರಿರಲಿ ನಾಟಿ ವೈದ್ಯರಿರಲಿ, ಮನೋವೈದ್ಯದ ಮೂಲಪಾಠ ಕಲಿಸುವುದು ಮೇಲು. ಹಳ್ಳಿ ಖಾಲಿ ಪಾತ್ರೆಯಲ್ಲ ಎಂಬುದು ಅವರಿಗೆ ಕೋಟದಲ್ಲಿ ಸಿಕ್ಕ ಅರಿವು.

ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆದದ್ದು 1974ರ ಡಿಸೆಂಬರಿನಲ್ಲಿ. ಮರುವರ್ಷ ಅಲ್ಲಿ ಸಮುದಾಯ ಮನೋವೈದ್ಯ ಘಟಕ ಶುರುವಾದಾಗ ಅದರ ಮುಂದಾಳು ಕಪೂರ್. 1976ರಲ್ಲಿ ಬನ್ನೇರುಘಟ್ಟದ ಕಡೆ ಆನೇಕಲ್ ತಾಲೂಕಿನ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಮನೆಮನೆ ಸುತ್ತುವ ಆರೋಗ್ಯ ಕಾರ್ಯಕರ್ತರು ಅಲ್ಲಿ ತರಬೇತಿಗೆ ಬಂದರು. ಪಾಠ ಸರಳ. ನಾಲ್ಕೈದು ಮುಖ್ಯ ತೊಂದರೆಗಳನ್ನು ಗುರುತಿಸುವುದು, ಮೂರ್ಛೆರೋಗವನ್ನೂ ಅದರಲ್ಲಿ ಸೇರಿಸುವುದು, ಕ್ಲೋರ್‌ಪ್ರೊಮಜಿನ್, ಫಿನೋಬಾರ್ಬಿಟೋನ್‌ನಂಥ ಕೆಲವೇ ಅಗ್ಗದ ಮದ್ದುಗಳನ್ನು ಬಳಸುವುದು, ಮದ್ದು ಬಿಟ್ಟವರನ್ನು ಹುಡುಕಿಕೊಂಡು ಹೋಗುವುದು, ಕೈಮೀರಿದ್ದನ್ನು ಮೇಲಿನವರಿಗೆ ಕಳಿಸುವುದು. ಮಾಳವಿಕಾ ಕಪೂರ್ ಇದೇ ದಾರಿಯನ್ನು ಶಾಲೆಗೆ ಒಯ್ದು ಮೇಷ್ಟರುಗಳಿಗೆ ಮಕ್ಕಳ ಮನಸ್ಸಿನ ಪಾಠ ಹೇಳಿದರು. ನಿಮ್ಹಾನ್ಸಿನ ಅದೇ ಸಮುದಾಯ ಘಟಕದಲ್ಲಿ ದುಡಿದ ಡಾ. ಸಿ. ಆರ್. ಚಂದ್ರಶೇಖರ್ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಮುಂದೆ ಬೆಂಗಳೂರಿನ ‘ಸಮಾಧಾನ’ ಕೇಂದ್ರದಲ್ಲಿ ಗೃಹಿಣಿಯರು, ನಿವೃತ್ತರು ಮುಂತಾದ ಜನಸಾಮಾನ್ಯರಿಗೆ ಆಪ್ತಸಲಹೆಯ ತರಬೇತಿ ಕೊಟ್ಟರು.

1982ರಲ್ಲಿ ದೇಶ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಒಪ್ಪಿಕೊಂಡಿತು. ಇಡೀ ಒಂದು ಜಿಲ್ಲೆಯಲ್ಲಿ ಇದು ನಡೆದೀತೇ ಎಂದು ನೋಡಲು 1985ರಿಂದ ಬಳ್ಳಾರಿಯಲ್ಲಿ ಪ್ರಯೋಗವಾಯಿತು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಬೇರೆ ರಾಜ್ಯಗಳಿಗೂ ಹೋಯಿತು.

ದೇಶ ಸುತ್ತಿದ ಈ ಯೋಚನೆ ಮತ್ತೆ ಕರಾವಳಿಗೆ ಬಂದಾಗ ಕರಾವಳಿಯೇ ಬದಲಾಗಿತ್ತು. ಉಡುಪಿ 1997ರಲ್ಲಿ ಬೇರೆ ಜಿಲ್ಲೆಯಾಯಿತು. ಬ್ರಹ್ಮಾವರ, ಬೈಂದೂರು ಇತ್ತೀಚೆಗೆ ತಾಲೂಕುಗಳಾದವು. ಅಳಿಯಕಟ್ಟಿನ ಪ್ರಶ್ನೆ ಹಳೆಯದಾಯಿತು. ಈಗಿನ ಮಂಡೆಬಿಸಿಗಳೇ ಬೇರೆ. ಮಕ್ಕಳೆಲ್ಲ ಬೆಂಗಳೂರು, ಮುಂಬಯಿ, ಗಲ್ಫ್ ಸೇರಿ ದೊಡ್ಡ ಹಂಚಿನ ಮನೆಯಲ್ಲಿ ಇಬ್ಬರೇ ಉಳಿದ ಮುದುಕರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ದಡ ಹತ್ತಿದಾಗ ಗಂಗೊಳ್ಳಿ, ಮರವಂತೆಯ ಮನೆಗಳಲ್ಲಿ ಏರುವ ಸಾಲ, ಅದರ ಹಿಂದೆಯೇ ಬರುವ ಕುಡಿತ.

ಆಸರೆಯ ಕೈಗಳೂ ಹೆಚ್ಚಿವೆ. 2014ರಿಂದ ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮನೋರೋಗ ಮತ್ತು ವ್ಯಸನದ ಚಿಕಿತ್ಸೆಗೆ ಹೆಸರಾಗಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಡಲು ಬಂದವರ ಜೊತೆ ಊರೇ ನಿಲ್ಲುತ್ತದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ; 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು.

ಆದರೂ ಸುಳಿವು ಮೊದಲು ಸಿಗುವುದು ಈಗಲೂ ಜಗಲಿಯಲ್ಲೇ. ಬಿಪಿ ಗುಳಿಗೆಯ ಲೆಕ್ಕ ನೋಡಲು ಬಂದ ಆಶಾ ಕಾರ್ಯಕರ್ತೆ ಹೊರಡುವ ಮುಂಚೆ ಒಂದು ಮಾತು ಕೇಳುತ್ತಾಳೆ: ‘ಅಮ್ಮ, ರಾತ್ರಿ ನಿದ್ರೆ ಬತ್ತಾ?’ ‘ಎಲ್ ನಿದ್ರೆ ಮಾರಾಯ್ತಿ, ಮೂರ್ ಗಂಟೆಗೇ ಎಚ್ಚರ’ ಎಂಬ ಉತ್ತರಕ್ಕೆ ಆಕೆ ಚೀಲ ಕೆಳಗಿಟ್ಟು ಕೂತರೆ ಅರ್ಧ ಕೆಲಸ ಆಯಿತು. ಮೊದಲು ಖುಷಿಯಾಗುತ್ತಿದ್ದುದು ಈಗ ಬೇಡವಾಗಿದೆಯೇ, ಊಟ ರುಚಿಸುತ್ತದೆಯೇ, ಸಂಘದ ಸಭೆಗೆ ಹೋಗುವುದು ಬಿಟ್ಟದ್ದು ಯಾವಾಗ, ಬದುಕು ಸಾಕೆನಿಸುತ್ತದೆಯೇ. ಕೋಟದ ಪ್ರಶ್ನಾವಳಿಯ ಮೊದಲ ಸುತ್ತು ಮಾಡಬೇಕೆಂದಿದ್ದದ್ದೂ ಇದನ್ನೇ. ಸ್ವಸಹಾಯ ಸಂಘ, ಭಜನಾ ಮಂಡಳಿ, ಹವ್ಯಾಸಿ ಯಕ್ಷಗಾನ ಬಳಗ ಇವು ಚಿಕಿತ್ಸೆಯಲ್ಲ, ಆಗಬೇಕಾಗಿಯೂ ಇಲ್ಲ. ವಾರಕ್ಕೊಮ್ಮೆ ಮುಖ ನೋಡುವವರಿಗೆ ಮಾತ್ರ, ಬರುತ್ತಿದ್ದವರು ಬಾರದೇ ಹೋದದ್ದು ಬೇಗ ತಿಳಿಯುತ್ತದೆ.

ಕಪೂರರ ಸಲಹೆಯಲ್ಲಿ ಅರ್ಧ ಮಾತ್ರ ಕಾರ್ಯಕ್ಕೆ ಬಂತು. ತರಬೇತಿ ಮುಖ್ಯವಾಗಿ ಸರಕಾರಿ ವೈದ್ಯರಿಗೆ, ಕಾರ್ಯಕರ್ತರಿಗೆ ಸಿಕ್ಕಿತು. ಪಾತ್ರಿ, ಮಂತ್ರವಾದಿ ಬಹುಮಟ್ಟಿಗೆ ಹೊರಗೇ ಉಳಿದರು. ಹೀಗೆ ಹಿಂಜರಿಯಲು ಕಾರಣವೂ ಇತ್ತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಆಸುಪಾಸಿನ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಣಿ ಕಟ್ಟಿದ್ದ 28 ಮಂದಿ ಓಡಲಾರದೆ ಸುಟ್ಟುಹೋದರು. ನಂಬಿಕೆಯ ಹೆಸರಲ್ಲಿ ಕಟ್ಟಿಹಾಕುವುದಕ್ಕೂ ಹೊಡೆಯುವುದಕ್ಕೂ ಯಾವ ರಿಯಾಯಿತಿಯೂ ಸಲ್ಲ. ಮುಂದೆ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ-ದುವಾ’ ಎಂಬ ಕಾರ್ಯಕ್ರಮ ಶುರುವಾಗಿ ಇನ್ನೊಂದು ದಾರಿಯೂ ಇದೆ ಎಂದು ತೋರಿಸಿತು. ಅಲ್ಲಿ ಮುಜಾವರರು ಪ್ರಾರ್ಥನೆ ಮಾಡಿಸಿದ ಮೇಲೆ ಅಲ್ಲೇ ಕೂತಿರುವ ಮನೋವೈದ್ಯರತ್ತ ರೋಗಿಯನ್ನು ಕಳಿಸುತ್ತಾರೆ.

ನಮ್ಮ ಕರಾವಳಿಯಲ್ಲೂ ಜನ ಇಂದಿಗೂ ಎರಡೂ ಬಾಗಿಲು ತಟ್ಟುವವರೇ. ಪ್ರಶ್ನೆ ಇಡಿಸಿ ಬಂದ ಮರುವಾರ ಡಾಕ್ಟರ ಚೀಟಿಯೂ ಆಗಬೇಕು. ಇದು ದಡ್ಡತನವಲ್ಲ, ಕಷ್ಟಕ್ಕೆ ಸಿಕ್ಕವರು ಕೈಗೆ ಸಿಕ್ಕಿದ ಹಗ್ಗವನ್ನೆಲ್ಲ ಹಿಡಿಯುತ್ತಾರೆ ಎಂದು ಕೋಟ 1975ರಲ್ಲೇ ಹೇಳಿತ್ತು. ಹಾಗಿದ್ದ ಮೇಲೆ ಒಂದು ಬಾಗಿಲು ಇನ್ನೊಂದನ್ನು ಹಳಿಯುತ್ತ ಕೂತರೆ ನಷ್ಟ ರೋಗಿಗೆ. ಹರಕೆ ಹೇಳಿಸಿಕೊಂಡ ಮನೆಯವರಿಗೆ ಪಾತ್ರಿ ‘ಮದ್ದು ಬಿಡಬೇಡಿ’ ಎಂಬ ಒಂದು ಮಾತು ಸೇರಿಸಿದರೆ, ಮಂಗಳವಾರದ ಕ್ಲಿನಿಕ್ಕಿನಲ್ಲಿ ಕೈಗೆ ಕಟ್ಟಿದ ನೂಲನ್ನು ಕಂಡ ವೈದ್ಯರು ಗದರದೆ ‘ಯಾರು ಏನೆಂದರು, ಹೇಳಿ’ ಎಂದು ಕೇಳಿದರೆ, ಕೋಟದಲ್ಲಿ ಕಂಡುಕೊಂಡದ್ದರ ಉಳಿದ ಅರ್ಧವೂ ಕೈಗೂಡುತ್ತದೆ. ಅದಕ್ಕೆ ಹೊಸ ಕಟ್ಟಡ ಬೇಡ. ಎರಡೂ ಕಡೆಯವರನ್ನು ಒಂದೆಡೆ ಕೂರಿಸಿ ಮಾತಾಡಿಸುವವರು ಬೇಕು.