ಹತ್ಯಾರದ ಆಯ್ಕೆ ಮತ್ತು ವೃತ್ತಿಪದಗಳು: ಜಮಖಂಡಿ–ಮುಧೋಳ ಪರಿಸರವನ್ನು ಅನುಲಕ್ಷಿಸಿ

1. ಪೀಠಿಕೆ

ಕನ್ನಡದಲ್ಲಿ ವೃತ್ತಿಪದಗಳ ಅಧ್ಯಯನವು ಬಹುಮಟ್ಟಿಗೆ ಹೆಸರುಗಳ ಸಂಗ್ರಹವಾಗಿ ನಡೆದುಬಂದಿದೆ. ಬಡಿಗನ ಉಪಕರಣ ಯಾವುದು, ಕಂಬಾರನ ಉಪಕರಣ ಯಾವುದು, ಅದರ ಆಕಾರವೇನು, ಉಪಯೋಗವೇನು ಎಂಬಷ್ಟಕ್ಕೆ ಕೋಶದ ನಮೂದು ಮುಗಿಯುತ್ತದೆ. ಆದರೆ ವೃತ್ತಿನಿರತನೊಬ್ಬನು ಸಂತೆಯಲ್ಲಿಯೋ ಅಂಗಡಿಯಲ್ಲಿಯೋ ಎರಡು ಉಳಿಗಳನ್ನು ಕೈಯಲ್ಲಿ ಹಿಡಿದು ಒಂದನ್ನು ಆರಿಸಿ ಇನ್ನೊಂದನ್ನು ಹಿಂದಿರುಗಿಸುವಾಗ ಅವನ ತೀರ್ಮಾನಕ್ಕೆ ಆಧಾರವಾಗುವ ತಿಳುವಳಿಕೆ ಆ ನಮೂದಿನಲ್ಲಿ ದೊರೆಯುವುದಿಲ್ಲ. ಆ ತಿಳುವಳಿಕೆಗೂ ತನ್ನದೇ ಆದ ಪದಸಂಪತ್ತು ಇದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಪರಿಸರವನ್ನು ಮುಂದಿಟ್ಟುಕೊಂಡು, ದಿನನಿತ್ಯದ ಕಸುಬಿಗೆ ಬೇಕಾದ ಕೈಹತ್ಯಾರಗಳ ಆಯ್ಕೆಯು ಯಾವ ತತ್ತ್ವಗಳನ್ನು ಅನುಸರಿಸುತ್ತದೆ, ಆ ತತ್ತ್ವಗಳು ಭಾಷೆಯಲ್ಲಿ ಹೇಗೆ ನೆಲೆಗೊಂಡಿವೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆ ಕೇವಲ ಭಾಷಿಕವಾದುದಲ್ಲ. ಗ್ರಾಮೀಣ ಕುಶಲಕರ್ಮಿಗಳಿಗೆ ಸುಧಾರಿತ ಉಪಕರಣ ಒದಗಿಸುವ ಕೇಂದ್ರ ಸರ್ಕಾರದ ಯೋಜನೆ 1992ರಲ್ಲಿ ಆರಂಭವಾದಾಗ ಕೈಉಪಕರಣಗಳ ಪೆಟ್ಟಿಗೆಯ ಬೆಲೆಯನ್ನು 2000 ರೂಪಾಯಿಗೆ ಮಿತಗೊಳಿಸಲಾಗಿತ್ತು. ಅದರಲ್ಲಿ ಶೇಕಡಾ 10ರಷ್ಟನ್ನು ಕುಶಲಕರ್ಮಿಯೇ ಭರಿಸಬೇಕಾಗಿತ್ತು. 2023ರ ಸೆಪ್ಟೆಂಬರ್ 17ರಂದು ಚಾಲನೆ ಪಡೆದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳವರಿಗೆ ಉಪಕರಣಗಳಿಗಾಗಿ 15,000 ರೂಪಾಯಿಗಳವರೆಗೆ ನೆರವು ನಿಗದಿಯಾಗಿದೆ. ಹಣದ ಮೊತ್ತ ನಿಗದಿಯಾದ ಬಳಿಕ ಉಳಿಯುವ ಪ್ರಶ್ನೆ ಒಂದೇ: ಪೆಟ್ಟಿಗೆಯಲ್ಲಿ ಏನಿರಬೇಕು? ಇದಕ್ಕೆ ಉತ್ತರ ಕಸುಬುದಾರನ ನುಡಿಯಲ್ಲಿದೆ.

2. ಪ್ರದೇಶ ಮತ್ತು ಪದಗಳ ಪದರುಗಳು

ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನಗಳಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಭಾಗವು ವಿಜಾಪುರ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಮರಾಠಿ ಆಡಳಿತದೊಡನೆ ಬೆಳೆದ ಈ ದೀರ್ಘ ಸಂಪರ್ಕ ಹತ್ಯಾರಗಳ ಹೆಸರಿನಲ್ಲಿ ನಿಚ್ಚಳವಾಗಿ ಕಾಣುತ್ತದೆ. ಹತ್ಯಾರ ಎಂಬ ಮಾತೇ ಮರಾಠಿಯ ಮೂಲಕ ಬಂದುದು. ಪಾನಾ, ಪಕ್ಕಡ, ರಂಧಾ, ಗುಣ್ಯಾ, ವಳಂಬಾ, ಥಾಪಿ ಮುಂತಾದವು ಉತ್ತರ ಕರ್ನಾಟಕದ ಬಡಿಗ, ಗೌಂಡಿ, ಫಿಟ್ಟರುಗಳ ಬಾಯಲ್ಲಿ ಕನ್ನಡದ ವಿಭಕ್ತಿಗಳನ್ನು ಧರಿಸಿ ನಡೆದಾಡುತ್ತಿವೆ.

ಇದರ ಕೆಳಗಿನ ಪದರು ದ್ರಾವಿಡದ್ದು. ಉಳಿ, ಅರ, ಸುತ್ತಿಗೆ, ಕೊಡಲಿ ಇವು ನೆರೆಯ ದ್ರಾವಿಡ ಭಾಷೆಗಳಲ್ಲಿಯೂ ಸಂವಾದಿಗಳನ್ನು ಪಡೆದಿರುವ ಪದಗಳು. ಇವೆರಡರ ನಡುವೆ ಸಂಸ್ಕೃತಮೂಲದ ತದ್ಭವಗಳಿವೆ. ಇಲ್ಲಿ ಒಂದು ಉದಾಹರಣೆ ಗಮನಾರ್ಹವಾಗಿದೆ. ದಕ್ಷಿಣದ ಗರಗಸವು ಸಂಸ್ಕೃತದ ‘ಕ್ರಕಚ’ದ ತದ್ಭವ, ಉತ್ತರದ ಕರವತ್ತು ‘ಕರಪತ್ರ’ದಿಂದ ಪ್ರಾಕೃತ, ಮರಾಠಿಗಳ ಹಾದಿಯಲ್ಲಿ ಬಂದುದು. ಸಂಸ್ಕೃತದಲ್ಲಿ ಎರಡೂ ಗರಗಸವೇ. ಆದರೆ ಅದೇ ‘ಕರಪತ್ರ’ ಇಂದಿನ ಬರಹದ ಕನ್ನಡದಲ್ಲಿ ಕೈಗೆ ಹಂಚುವ ಮುದ್ರಿತ ಹಾಳೆಯಾಗಿದೆ. ಬಡಿಗನ ಬಾಯಲ್ಲಿ ಹತ್ಯಾರವಾಗಿ ಉಳಿದ ಪದವು ವಿದ್ಯಾವಂತನ ಬರಹದಲ್ಲಿ ಕಾಗದವಾಗಿರುವುದು ಎರಡು ಲೋಕಗಳ ಅಂತರವನ್ನು ಸೂಚಿಸುತ್ತದೆ.

3. ಆಯ್ಕೆಯ ಮೂರು ಪ್ರಶ್ನೆಗಳು

ಹತ್ಯಾರವನ್ನು ಕೊಳ್ಳುವವನು ಕೇಳಿಕೊಳ್ಳುವ ಪ್ರಶ್ನೆಗಳನ್ನು ಮೂರಾಗಿ ವಿಂಗಡಿಸಬಹುದು: ಇದು ಕೈಗೆ ಹೊಂದುವುದೇ? ಇದು ಕೆಲಸಕ್ಕೆ ಹೊಂದುವುದೇ? ಕೆಟ್ಟರೆ ಇದನ್ನು ಯಾರು ಸರಿಪಡಿಸುವರು? ಹೊಸಬನು ಮೊದಲಿನ ಎರಡನ್ನು ಕೇಳುತ್ತಾನೆ. ನುರಿತವನು ಮೂರನೆಯದರಿಂದ ಆರಂಭಿಸುತ್ತಾನೆ.

ಮೊದಲನೆಯದಕ್ಕೆ ಸುತ್ತಿಗೆ ಒಳ್ಳೆಯ ನಿದರ್ಶನ. ಸುತ್ತಿಗೆಯ ತೂಕ ಹೆಚ್ಚಿದಷ್ಟು ಪೆಟ್ಟಿನ ಬಲ ಹೆಚ್ಚುತ್ತದೆಯಾದರೂ, ದಿನವಿಡೀ ಎತ್ತಿ ಇಳಿಸುವ ತೋಳಿಗೆ ಅರ್ಧ ಕಿಲೋ ಮತ್ತು ಒಂದು ಕಿಲೋಗಳ ನಡುವಿನ ಅಂತರ ಸಣ್ಣದಲ್ಲ. ಮೊಳೆ ಹೊಡೆಯಲು, ಉಳಿಯ ತಲೆಗೆ ಬಡಿಯಲು, ಕಬ್ಬಿಣ ತಟ್ಟಲು ಬೇರೆ ಬೇರೆ ತೂಕಗಳು ಬೇಕಾಗುತ್ತವೆ. ಮರದ ಹಿಡಿಯಿರುವ ಉಳಿಗೆ ಕಬ್ಬಿಣದ ಸುತ್ತಿಗೆಯ ಬದಲು ಮರದ ಕೊಡತಿಯನ್ನು ಬಳಸುವುದು ಹಿಡಿ ಸೀಳದಿರಲೆಂದು. ಸುತ್ತಿಗೆಯ ಕಾವಿನಲ್ಲಿ ಮರದ ಎಳೆ ಉದ್ದಕ್ಕೆ ನೇರವಾಗಿ ಓಡಿರಬೇಕು. ಅಡ್ಡಕ್ಕೆ ಹಾಯ್ದ ಎಳೆಯ ಕಾವು ಪೆಟ್ಟಿನ ಅದಿರಿಗೆ ಮುರಿಯುತ್ತದೆ. ಎರೆಮಣ್ಣಿನ ಸೀಮೆಯಲ್ಲಿ ಗಟ್ಟಿಯಾದ ಜಾಲಿಯ ಮರ ಕೃಷಿ ಸಲಕರಣೆಗಳಿಗೂ ಕಾವುಗಳಿಗೂ ಒದಗಿಬಂದಿದೆ. ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆಯನ್ನು ನೀತಿಯಾಗಿ ಮಾತ್ರ ಓದುವ ರೂಢಿಯಿದೆ. ಕೊಡಲಿಯ ಬಲ ಕಬ್ಬಿಣದಲ್ಲಿ ಎಷ್ಟೋ ಮರದ ಕಾವಿನಲ್ಲಿಯೂ ಅಷ್ಟೇ ಎಂಬ ಕಸುಬಿನ ಅರಿವು ಅದರ ಬುನಾದಿಯಲ್ಲಿದೆ.

ಎರಡನೆಯ ಪ್ರಶ್ನೆ ಬಾಯಿಯದು. ಉಳಿ, ಬಾಚಿ, ಕೊಡಲಿಗಳ ಕತ್ತರಿಸುವ ಅಂಚನ್ನು ಬಾಯಿ ಎನ್ನಲಾಗುತ್ತದೆ. ಗರಗಸಕ್ಕೆ ಹಲ್ಲು, ಪಾನಾಕ್ಕೆ ಮತ್ತೆ ಬಾಯಿ. ಬಾಯಿಯ ಗುಣವನ್ನು ನಿರ್ಧರಿಸುವುದು ಹದ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದಾಗ ಅದು ಗಡಸಾಗುತ್ತದೆ, ಜೊತೆಗೆ ಗಾಜಿನಂತೆ ಮುರುಕಾಗುತ್ತದೆ. ಆದುದರಿಂದ ಮತ್ತೆ ಹಗುರವಾಗಿ ಕಾಯಿಸಿ ಬಣ್ಣ ನೋಡಲಾಗುತ್ತದೆ. ಒಣಹುಲ್ಲಿನ ಹಳದಿ ಬಣ್ಣ ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಮರಗೆಲಸದ ಹರಿತ ಬಾಯಿಗೆ ಇದು ಸಾಕು. ನೇರಳೆ, ನೀಲಿಗಳು 280ರಿಂದ 300 ಡಿಗ್ರಿಗಳ ಆಸುಪಾಸಿನವು. ಕಬ್ಬಿಣ ಕಡಿಯುವ ಚಾಣಕ್ಕೆ ಪೆಟ್ಟು ತಾಳುವ ಈ ಹದ ಬೇಕು. ಉಷ್ಣಮಾಪಕವಿಲ್ಲದ ಕುಲುಮೆಯಲ್ಲಿ ಕಂಬಾರನ ಕಣ್ಣು ಈ ಅಂತರವನ್ನು ಗುರುತಿಸುತ್ತದೆ.

ಹದ ಎಂಬ ಪದದ ವ್ಯಾಪ್ತಿ ಇಲ್ಲಿ ವಿಚಾರಾರ್ಹ. ಬಿತ್ತನೆಗೆ ಬಂದ ನೆಲಕ್ಕೆ ಹದ, ತೊಗಲು ಹದ ಮಾಡುವುದು, ಅಡಿಗೆಯ ಹದ, ಮಹಾಲಿಂಗಪುರದ ಸುತ್ತಲಿನ ಆಲೆಮನೆಗಳಲ್ಲಿ ಬೆಲ್ಲದ ಪಾಕದ ಹದ, ಕುಲುಮೆಯಲ್ಲಿ ಉಕ್ಕಿನ ಹದ: ಒಕ್ಕಲಿಗ, ಚಮ್ಮಾರ, ಅಡಿಗೆಯವರು, ಗಾಣದವರು, ಕಂಬಾರ ಇವರೆಲ್ಲರೂ ಒಂದೇ ಪದದಿಂದ ತಮ್ಮ ಕೆಲಸದ ನಿರ್ಣಾಯಕ ಗಳಿಗೆಯನ್ನು ಗುರುತಿಸುತ್ತಾರೆ. ಅಳತೆಗೆ ಸಿಗದ, ಆದರೆ ತಪ್ಪಿದರೆ ಕೆಲಸವೇ ಕೆಡುವ ಮಿತಿಯೊಂದಕ್ಕೆ ಕನ್ನಡ ಕೊಟ್ಟ ಹೆಸರು ಇದು. ಯಾವ ಉಪಕರಣಪಟ್ಟಿಯಲ್ಲಿಯೂ ಈ ಪದ ಸೇರುವುದಿಲ್ಲ, ಏಕೆಂದರೆ ಇದು ವಸ್ತುವಲ್ಲ.

ಮೂರನೆಯ ಪ್ರಶ್ನೆಯನ್ನು ಗರಗಸ ಸ್ಪಷ್ಟಪಡಿಸುತ್ತದೆ. ಹಳೆಯ ಬಗೆಯ ಗರಗಸದ ಹಲ್ಲು ಮೊಂಡಾದಾಗ ಮೂರು ಮೂಲೆಯ ಅರದಿಂದ ಉಜ್ಜಿ, ಹಲ್ಲುಗಳನ್ನು ಎಡಬಲಕ್ಕೆ ಬಾಗಿಸಿ ಮತ್ತೆ ಬಳಸಬಹುದು. ಈಗ ಮಾರುಕಟ್ಟೆಯಲ್ಲಿರುವ ಕೆಲವು ಗರಗಸಗಳ ಹಲ್ಲಿನ ತುದಿಯನ್ನು ಕಾರ್ಖಾನೆಯಲ್ಲಿಯೇ ಅತಿಗಡಸು ಮಾಡಿರುತ್ತಾರೆ. ಅವು ಹೆಚ್ಚು ಕಾಲ ಹರಿತವಾಗಿರುತ್ತವೆ, ಆದರೆ ಮೊಂಡಾದ ಮೇಲೆ ಅರ ಅವುಗಳ ಮೇಲೆ ಜಾರುತ್ತದೆ, ಬಿಸಾಡುವುದೊಂದೇ ದಾರಿ. ಆಗೊಮ್ಮೆ ಈಗೊಮ್ಮೆ ಕೊಯ್ಯುವವನಿಗೆ ಎರಡನೆಯದು ಲಾಭಕರ. ನಿತ್ಯ ಕೊಯ್ಯುವ ಬಡಿಗನಿಗೆ ಮೊದಲನೆಯದು. ‘ಗರಗಸ: ಮರ ಕೊಯ್ಯುವ ಹಲ್ಲುಳ್ಳ ಉಪಕರಣ’ ಎಂಬ ಅರ್ಥವಿವರಣೆ ಎರಡಕ್ಕೂ ಸಮಾನವಾಗಿ ಸಲ್ಲುತ್ತದೆ, ಆಯ್ಕೆಗೆ ಅದು ನೆರವಾಗುವುದಿಲ್ಲ.

ಈ ಮೂರನೆಯ ಪ್ರಶ್ನೆಗೆ ಹಿಂದೆ ಆಯದ ಪದ್ಧತಿ ಉತ್ತರವಾಗಿತ್ತು. ಒಕ್ಕಲಿಗನು ಸುಗ್ಗಿಯಲ್ಲಿ ಕಾಳು ಕೊಡುತ್ತಿದ್ದ. ಬಡಿಗೇರ, ಕಂಬಾರರು ವರ್ಷವಿಡೀ ಅವನ ಸಲಕರಣೆಗಳನ್ನು ಹಣಿದು, ಕಾವು ಹಾಕಿ, ಸಾಣೆ ಹಿಡಿದು ಕೊಡುತ್ತಿದ್ದರು. ಬೀಳಗಿ ತಾಲೂಕಿನ ಹಲವು ಹಳ್ಳಿಗಳು ಆಲಮಟ್ಟಿಯ ಹಿನ್ನೀರಿನಿಂದಾಗಿ ನೆಲೆ ಬದಲಿಸಬೇಕಾಯಿತು. ಊರು ಚದುರಿದಾಗ ಇಂಥ ಸಂಬಂಧಗಳು ಕಡಿಯುವುದು ಸಹಜ. ದುರಸ್ತಿ ಮಾಡುವವನು ದೂರವಾದಲ್ಲಿ ದುರಸ್ತಿಯಾಗುವ ಹತ್ಯಾರದ ಬೆಲೆಯೂ ಇಳಿಯುತ್ತದೆ. ಹಣಿ, ಸಾಣೆ, ಹದಗಳ ಮಾತೂ ಬಳಕೆಯಿಂದ ಜಾರುತ್ತದೆ.

4. ನೇಕಾರರ ಊರಿನ ಪಾನಾ

ರಬಕವಿ-ಬನಹಟ್ಟಿ ಮಗ್ಗದ ಊರುಗಳು. ಕುಣಿಮಗ್ಗದ ನೇಕಾರನಿಗೆ ಲಾಳಿ, ಕಂಡಿಕೆ, ಹಣಿಗೆಗಳು ಮಗ್ಗದ ಅಂಗಗಳೇ ಆಗಿದ್ದು, ಬಿಡಿ ಕೈಹತ್ಯಾರವೆಂದರೆ ಕತ್ತರಿ, ಹಣಿಗೆಯಲ್ಲಿ ಎಳೆ ಸೇದುವ ಕೊಕ್ಕೆಯಂಥ ಕೆಲವೇ ವಸ್ತುಗಳು. ವಿದ್ಯುತ್ ಮಗ್ಗ ಬಂದಮೇಲೆ ಪಾನಾ, ಪಕ್ಕಡಗಳು ನೇಕಾರಿಕೆಯ ಹತ್ಯಾರಗಳಾದವು. ಇಲ್ಲಿ ಆಯ್ಕೆಯ ತೊಡಕು ಅಳತೆಯದು.

ಲ್ಯಾಂಕಾಷೈರ್ ಮಾದರಿಯ ಹಳೆಯ ಸಾದಾ ವಿದ್ಯುತ್ ಮಗ್ಗಗಳು ಇಂಚಿನ ಲೆಕ್ಕದಲ್ಲಿ ರೂಪುಗೊಂಡವು. ಭಾರತದಲ್ಲಿ 1956ರ ಕಾಯ್ದೆಯ ತರುವಾಯ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದಿತು. ಹೀಗಾಗಿ ಹಳೆಯ ಯಂತ್ರದಲ್ಲಿ ಎರಡು ಬಗೆಯ ನಟ್ಟುಬೋಲ್ಟುಗಳು ಒಟ್ಟಿಗೆ ಇರಬಹುದು. ಅಷ್ಟೇ ಅಲ್ಲ, ಪಾನಾದ ಮೇಲಿನ ಅಂಕಿಯ ಅರ್ಥವೂ ಬೇರೆ. ವಿಟ್‌ವರ್ತ್ ಪಾನಾದ ಮೇಲೆ ಅರ್ಧ ಇಂಚು ಎಂದಿದ್ದರೆ ಅದು ಬೋಲ್ಟಿನ ದಪ್ಪ. ಪಾನಾದ ಬಾಯಿ ಅದಕ್ಕಿಂತ ಅಗಲವಾಗಿರುತ್ತದೆ. ಮೆಟ್ರಿಕ್ ಪಾನಾದ ಮೇಲೆ 13 ಎಂದಿದ್ದರೆ ಅದು ಬಾಯಿಯ ಅಗಲ. ಅದು ಸಾಮಾನ್ಯವಾಗಿ 8 ಮಿಲಿಮೀಟರ್ ಬೋಲ್ಟಿನ ನಟ್ಟಿಗೆ ಹೊಂದುತ್ತದೆ. ಬಾಯಿ ಹಿಗ್ಗಿಸಿ ಕುಗ್ಗಿಸುವ ಪಾನಾ ಎಲ್ಲಕ್ಕೂ ನಡೆಯುವಂತೆ ತೋರುತ್ತದೆಯಾದರೂ ಸಡಿಲ ಹಿಡಿತದಿಂದ ನಟ್ಟಿನ ಮೂಲೆಗಳನ್ನು ಸವೆಸುತ್ತದೆ. ಆದುದರಿಂದ ದುಬಾರಿ ಪೆಟ್ಟಿಗೆಗಿಂತ ಮಗ್ಗದ ನಟ್ಟುಗಳನ್ನು ಮೊದಲು ಎಣಿಸಿ, ಅವಕ್ಕೆ ತಕ್ಕ ನಾಲ್ಕಾರು ಗಟ್ಟಿ ಪಾನಾಗಳನ್ನು ಕೊಳ್ಳುವುದು ಲೇಸು.

ಈ ಅಳತೆಗಳ ನಡುವೆ ದೇಶೀಯವಾದ ಇನ್ನೊಂದು ಮಾನ ಉಳಿದುಕೊಂಡಿದೆ. ಇಂಚಿನ ಎಂಟನೆಯ ಒಂದು ಭಾಗವನ್ನು ಬಡಿಗರೂ ಕಬ್ಬಿಣದ ಕೆಲಸದವರೂ ‘ಸೂತ’ ಎನ್ನುತ್ತಾರೆ. ಅಂದರೆ 3 ಮಿಲಿಮೀಟರಿಗಿಂತ ತುಸು ಹೆಚ್ಚು. ಸೂತ್ರ, ಅಂದರೆ ನೂಲು, ಈ ಪದದ ಮೂಲ. ಬಡಿಗನಿಗೆ ಮರಾಠಿಯಲ್ಲಿರುವ ‘ಸುತಾರ’ ಎಂಬ ಹೆಸರೂ ‘ಸೂತ್ರಧಾರ’ದಿಂದಲೇ ಬಂದುದು. ನೂಲಿನ ಊರಿನಲ್ಲಿ ಕಬ್ಬಿಣವನ್ನು ನೂಲಿನ ಹೆಸರಿನಿಂದಲೇ ಅಳೆಯುವುದು ವೃತ್ತಿಗಳ ನಡುವಿನ ಹಳೆಯ ನಂಟನ್ನು ನೆನಪಿಸುತ್ತದೆ.

5. ಪಟ್ಟಿ ಮತ್ತು ಪೆಟ್ಟಿಗೆ

ಮೇಲಿನ ವಿವೇಚನೆಯಿಂದ ದಿನನಿತ್ಯದ ಪೆಟ್ಟಿಗೆಯ ಬಗ್ಗೆ ಕೆಲವು ನಿರ್ಣಯಗಳು ಮೂಡುತ್ತವೆ. ಮೊದಲನೆಯದಾಗಿ, ಅಳೆಯುವ ಮತ್ತು ಗುರುತು ಹಾಕುವ ಹತ್ಯಾರಗಳು (ಗುಣ್ಯಾ, ಪಟ್ಟಿ, ವಳಂಬಾ) ನಿಖರವಾಗಿರಬೇಕು. ಅಲ್ಲಿನ ತಪ್ಪು ಮುಂದಿನ ಎಲ್ಲ ಕೆಲಸಕ್ಕೂ ಹರಿಯುತ್ತದೆ. ಎರಡನೆಯದಾಗಿ, ಹರಿತದ ಹತ್ಯಾರಗಳ ಜೊತೆಗೆ ಅವನ್ನು ಹರಿತಗೊಳಿಸುವ ಅರ, ಸಾಣೆಕಲ್ಲುಗಳು ಸೇರಿರಲೇಬೇಕು. ಮೂರನೆಯದಾಗಿ, ಸಂಖ್ಯೆಗಿಂತ ಉಕ್ಕು ಮುಖ್ಯ. ನಾಲ್ಕನೆಯದಾಗಿ, ಕಾವು ಮತ್ತು ಹಿಡಿಗಳು ಬದಲಿಸಲು ಬರುವಂತಿರಬೇಕು.

ಸರ್ಕಾರಿ ಪಟ್ಟಿಗಳ ಮಿತಿಯೂ ಇಲ್ಲಿ ಗೋಚರಿಸುತ್ತದೆ. 1992ರ ಯೋಜನೆ ನೇಕಾರರನ್ನು ಒಳಗೊಂಡಿರಲಿಲ್ಲ. 2023ರ ಯೋಜನೆಯ 18 ಕಸುಬುಗಳಲ್ಲಿಯೂ ನೇಕಾರಿಕೆ ಇಲ್ಲ. ನೇಕಾರರಿಗೆ ಪ್ರತ್ಯೇಕ ಯೋಜನೆಗಳಿರುವುದು ನಿಜ. ಆದರೆ ಕಸುಬನ್ನು ಹೆಸರಿನಿಂದ ವಿಂಗಡಿಸಿದಾಗ ನೇಕಾರನ ಕೈಯಲ್ಲಿರುವ ಪಾನಾ ಯಾರ ಹತ್ಯಾರವೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. 2023ರ ಪಟ್ಟಿಯಲ್ಲಿ ‘ಸುತ್ತಿಗೆ ಮತ್ತು ಉಪಕರಣ ತಯಾರಕ’ರಿಗೆ ಪ್ರತ್ಯೇಕ ಸ್ಥಾನ ದೊರೆತಿರುವುದು ಸ್ವಾಗತಾರ್ಹ. ಹತ್ಯಾರ ಮಾಡುವವನೂ ಒಬ್ಬ ಕಸುಬುದಾರನೆಂಬುದನ್ನು ಅದು ಒಪ್ಪಿಕೊಂಡಿದೆ.

6. ಕೋಶಕಾರನ ಹೊಣೆ

ಮುಧೋಳದಲ್ಲಿ 949ರಲ್ಲಿ ಹುಟ್ಟಿದ ರನ್ನನು ತಾನು ಬಳೆಗಾರ ಕುಲದವನೆಂದು ಹೇಳಿಕೊಂಡ ಕವಿ. ‘ರನ್ನಕಂದ’ ಎಂಬ ನಿಘಂಟು ಅವನ ಹೆಸರಿನಲ್ಲಿದ್ದು ಅದರ ಕೆಲವು ಪದ್ಯಗಳಷ್ಟೇ ಉಳಿದಿವೆ. ಕಸುಬಿನ ಮನೆಯಿಂದ ಬಂದವನು ಪದಗಳಿಗೆ ಅರ್ಥ ಹೇಳಲು ತೊಡಗಿದ ಪರಂಪರೆ ಈ ನೆಲಕ್ಕೆ ಹೊಸದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರವರೆಗೆ ಪ್ರಕಟವಾದವು. ಕಾವ್ಯ, ಶಾಸನಗಳೇ ಅದರ ಮುಖ್ಯ ಆಧಾರಗಳಾದುದರಿಂದ ಬರಹಕ್ಕೆ ಬಾರದ ಕಸುಬಿನ ನುಡಿಗೆ ಅಲ್ಲಿ ಅವಕಾಶ ಕಡಿಮೆ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಮಾಂಡಲಿಕ ವೃತ್ತಿಪದಕೋಶದ ವ್ಯವಸಾಯ ಸಂಪುಟವನ್ನು 1962ರಲ್ಲಿಯೂ ಕೈಮಗ್ಗದ ಸಂಪುಟವನ್ನು 1971ರಲ್ಲಿಯೂ ಹೊರತಂದು, ಕ್ಷೇತ್ರಸಂಗ್ರಹಕ್ಕೆ ಮಾದರಿಯೊಂದನ್ನು ಒದಗಿಸಿದರು.

ಈ ಮಾದರಿಗೆ ಸೇರಿಸಬೇಕಾದುದು ಆಯ್ಕೆಯ ವಿವರ. ‘ಉಳಿ’ ಎಂಬ ನಮೂದಿನಲ್ಲಿ ಅರ್ಥ, ಆಕಾರಗಳ ಜೊತೆಗೆ ಬಾಯಿಯ ಅಗಲ ಯಾವ ಮಾನದಲ್ಲಿ ಹೇಳಲಾಗುತ್ತದೆ, ಒಳ್ಳೆಯ ಉಳಿಯ ಗುರುತೇನು, ಕೆಟ್ಟ ಉಳಿಯನ್ನು ಬಯ್ಯುವ ಮಾತೇನು, ಅದನ್ನು ಯಾರು ಹಣಿಯುತ್ತಾರೆ, ಅದರ ಜೊತೆ ಬಳಕೆಯಾಗುವ ಕ್ರಿಯಾಪದಗಳಾವುವು ಎಂಬ ಅಂಶಗಳು ದಾಖಲಾಗಬೇಕು. ನಾಮಪದಗಳು ಹತ್ಯಾರದೊಡನೆ ವಸ್ತುಸಂಗ್ರಹಾಲಯದಲ್ಲಾದರೂ ಉಳಿದಾವು. ಕ್ರಿಯಾಪದ ಮತ್ತು ಗುಣವಾಚಕಗಳಿಗೆ ಕೆಲಸದ ಹೊರತು ಬೇರೆ ನೆಲೆಯಿಲ್ಲ.

ಇಂಥ ಸಂಗ್ರಹಕ್ಕೆ ಮಹಾನವಮಿಯ ಆಯುಧಪೂಜೆ, ಉತ್ತರ ಕರ್ನಾಟಕದ ಮಾತಿನಲ್ಲಿ ಖಂಡೆಪೂಜೆ, ಅನುಕೂಲವಾದ ಸಂದರ್ಭ. ಅಂದು ಪೆಟ್ಟಿಗೆಯ ತಳದಲ್ಲಿರುವ ಹತ್ಯಾರವೂ ಹೊರಬಂದು ತೊಳೆಸಿಕೊಂಡು ಸಾಲಿನಲ್ಲಿ ಕೂರುತ್ತದೆ. ಆದರೆ ಅಂದು ಹತ್ಯಾರ ಕೆಲಸ ಮಾಡುವುದಿಲ್ಲ. ಹೆಸರುಗಳನ್ನು ಅಂದು ಬರೆದುಕೊಂಡ ಸಂಶೋಧಕನು ಮರುದಿನ ಬಿಟ್ಟು ಮತ್ತೆ ಬರಬೇಕಾಗುತ್ತದೆ. ಹತ್ಯಾರ ಕೈಗೆ ಏರಿ ಕೆಲಸ ತೊಡಗಿದಾಗ ಮಾತ್ರ ಅದನ್ನು ಏಕೆ ಆರಿಸಲಾಯಿತು ಎಂಬ ಮಾತು ಹೊರಡುತ್ತದೆ.