ಮೋಟಾರ್ ಸೈಕಲ್ ಮತ್ತು ನಮ್ಮ ಬೆನ್ನೆಲುಬು

ಮುಂಬಯಿ, ಪುಣೆಗಳಂಥ ಮಹಾನಗರಗಳಲ್ಲಿ ನೆಲಸಿರುವ ಮಧ್ಯಮವರ್ಗದ ಸಂಸಾರಕ್ಕೆ ಮೋಟಾರ್ ಸೈಕಲ್ ಕೈಕಾಲಿದ್ದಂತೆ. ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡುವುದು, ಅನಂತರ ಕಚೇರಿಗೋ ಲೋಕಲ್ ರೈಲಿನ ನಿಲ್ದಾಣಕ್ಕೋ ಧಾವಿಸುವುದು, ಸಂಜೆ ತರಕಾರಿ ಚೀಲ, ಭಾನುವಾರ ಪತ್ನೀಸಮೇತ ಸಂಘದ ಕಾರ್ಯಕ್ರಮ, ಎಲ್ಲಕ್ಕೂ ಅದೇ. ಈ ವಾಹನದ ಪೆಟ್ರೋಲು, ಆಯಿಲು, ವಿಮೆಗಳ ಲೆಕ್ಕವನ್ನು ನಾವು ತಪ್ಪದೆ ಇಡುತ್ತೇವೆ. ಆದರೆ ಅದರ ಮೇಲೆ ಕುಳಿತ ನಮ್ಮ ಬೆನ್ನೆಲುಬು ಹೊಂಡ, ರಸ್ತೆದಿಬ್ಬ, ಎದ್ದುನಿಂತ ಪೇವರ್ ಬ್ಲಾಕುಗಳಿಗೆ ದಿನನಿತ್ಯ ತೆರುತ್ತಿರುವ ಸುಂಕದ ಲೆಕ್ಕವನ್ನು ಇಡುವವರು ವಿರಳ. ಆ ಸುಂಕವನ್ನು ಹೇಗೆ ಇಳಿಸಬಹುದೆಂಬುದೇ ಪ್ರಸ್ತುತ ಲೇಖನದ ವಿಷಯ.

ದೇಹದೊಳಗಿನ ಸ್ಪ್ರಿಂಗು

ನಮ್ಮ ಬೆನ್ನೆಲುಬಿನ ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತನೆಯ ಬಿಲ್ಲೆಗಳು 23 ಇವೆ. ಕುಲುಕಾಟವನ್ನು ಹೀರಿಕೊಳ್ಳುವುದು ಅವುಗಳ ಒಂದು ಮುಖ್ಯ ಕೆಲಸ. ಪ್ರಾಯಕ್ಕೆ ಬಂದವರಲ್ಲಿ ಈ ಬಿಲ್ಲೆಗಳಿಗೆ ನೇರವಾದ ರಕ್ತಸಂಚಾರ ಅತ್ಯಲ್ಪ. ಸುತ್ತಲಿನಿಂದ ಒಸರಿ ಬರುವ ಪೋಷಕಾಂಶಗಳೇ ಅವುಗಳಿಗೆ ಆಧಾರ. ಆದುದರಿಂದ ಒಮ್ಮೆ ಸವೆದ ಬಿಲ್ಲೆ ಸುಲಭವಾಗಿ ಚೇತರಿಸಿಕೊಳ್ಳಲಾರದು. ಸೊಂಟದ ಕೆಳತುದಿಯ ಎರಡು ಬಿಲ್ಲೆಗಳ ಮೇಲೆ ಭಾರ ಹೆಚ್ಚು. ತೊಂದರೆ ಕಾಣಿಸಿಕೊಳ್ಳುವುದೂ ಬಹುತೇಕ ಅಲ್ಲಿಯೇ.

ಕುಳಿತ ಮನುಷ್ಯನ ಶರೀರವು ಸೆಕೆಂಡಿಗೆ ಸುಮಾರು 4ರಿಂದ 8 ಸಲ ಮೇಲೆ ಕೆಳಗೆ ಆಡುವ ಕಂಪನಕ್ಕೆ ಅತ್ಯಂತ ಸೂಕ್ಷ್ಮವಾಗಿ ಸ್ಪಂದಿಸುತ್ತದೆ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯು 1974ರಲ್ಲಿ ಪ್ರಕಟಿಸಿದ 2631ನೆಯ ಸಂಖ್ಯೆಯ ಮಾನಕವು ಈ ಅಂಶವನ್ನು ಗಣನೆಗೆ ತೆಗೆದುಕೊಂಡಿದೆ. ಐರೋಪ್ಯ ಒಕ್ಕೂಟವಂತೂ 2002ರಲ್ಲಿ ಕಂಪನಕ್ಕೆ ಗುರಿಯಾಗುವ ಕೆಲಸಗಾರರ ರಕ್ಷಣೆಗಾಗಿಯೇ ಒಂದು ನಿರ್ದೇಶನವನ್ನು ಹೊರಡಿಸಿತು. ಅಂದಮೇಲೆ ಇದು ಕೇವಲ ಸುಖದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ.

ವಾಹನದ ಸ್ಪ್ರಿಂಗು

ನಮ್ಮ ಬೆನ್ನಿಗೂ ರಸ್ತೆಗೂ ನಡುವೆ ನಿಂತು ಕಾಯುವ ಸಾಧನವೇ ಸಸ್ಪೆನ್ಶನ್. ಮುಂದಿನ ಫೋರ್ಕಿನ ಕೊಳವೆಗಳು ಮತ್ತು ಹಿಂದಿನ ಶಾಕ್ ಅಬ್ಸಾರ್ಬರುಗಳು ಇದರ ಅಂಗಗಳು. ಗ್ಯಾರೇಜಿನವರು ಹಿಂದಿನದನ್ನು 'ಶಾಕಪ್' ಎಂದೇ ಕರೆಯುತ್ತಾರೆ. ಎಣ್ಣೆಯ ತಡೆಯುಳ್ಳ ಟೆಲಿಸ್ಕೋಪಿಕ್ ಫೋರ್ಕನ್ನು ಮಾರಾಟದ ಮೋಟಾರ್ ಸೈಕಲ್ಲಿಗೆ ಮೊದಲಿಗೆ ಅಳವಡಿಸಿದ್ದು ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ, 1935ರಲ್ಲಿ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರ ವರೆಗೆ ಹೊರಬರುತ್ತಿದ್ದ ಗಾಡಿಗಳಲ್ಲೂ ಇದೇ ತತ್ತ್ವ. ಇಂದಿನ ಹೊಸ ಗಾಡಿಗಳಲ್ಲೂ ಇದೇ.

ಇಲ್ಲಿ ಸ್ಪ್ರಿಂಗು ಮತ್ತು ಎಣ್ಣೆ ಎರಡಕ್ಕೂ ಬೇರೆ ಬೇರೆ ಕೆಲಸ. ಸ್ಪ್ರಿಂಗು ಪೆಟ್ಟನ್ನು ಹಿಡಿದಿಡುತ್ತದೆ, ಆದರೆ ಇಟ್ಟುಕೊಳ್ಳಲಾರದು. ಮರುಕ್ಷಣ ಹಿಂದಕ್ಕೆ ಎಸೆಯುತ್ತದೆ. ಆ ಎಸೆತವನ್ನು ಕಿರಿದಾದ ರಂಧ್ರಗಳಲ್ಲಿ ಹಾದುಹೋಗುವ ಎಣ್ಣೆಯು ತಡೆದು, ಶಾಖವನ್ನಾಗಿ ಮಾರ್ಪಡಿಸಿ ಕರಗಿಸುತ್ತದೆ. ಎಣ್ಣೆ ಹಳಸಿದರೆ ಅಥವಾ ಸೋರಿಹೋದರೆ ಗಾಡಿ ಚೆಂಡಿನಂತೆ ಪುಟಿಯತೊಡಗುತ್ತದೆ. ಸವಾರನು ರಸ್ತೆಯನ್ನು ಬೈಯುತ್ತಾನೆ. ಆದರೆ ದೋಷದ ಅರ್ಧ ಪಾಲು ಗಾಡಿಯಲ್ಲಿಯೇ ಇರುತ್ತದೆ.

ಮೆತ್ತಗಿದ್ದಷ್ಟೂ ಸುಖವೆಂಬುದು ಬಹು ಜನರ ತಪ್ಪು ತಿಳಿವಳಿಕೆ. ದಪ್ಪ ಸ್ಪಂಜಿನ ಆಸನ, ಅತಿ ಮೃದುವಾದ ಸ್ಪ್ರಿಂಗು ಅಂಗಡಿಯ ಮುಂದೆ ಹಿತವೆನಿಸಬಹುದು. ಆದರೆ ದೊಡ್ಡ ಹೊಂಡ ಎದುರಾದಾಗ ಸ್ಪ್ರಿಂಗು ಪೂರ್ತಿ ಕುಸಿದು ಲೋಹಕ್ಕೆ ಲೋಹ ತಾಗಿ, ಆ ಏಟು ನೇರವಾಗಿ ಸೊಂಟಕ್ಕೆ ಬರುತ್ತದೆ. ತೀರ ಗಡುಸಾದರೆ ಸಣ್ಣಪುಟ್ಟ ಏಟುಗಳೆಲ್ಲ ಮೈಗೆ ತಾಗುತ್ತವೆ. ನಿಜವಾದ ಸುಖವಿರುವುದು ಸವಾರನ ತೂಕಕ್ಕೆ ಹೊಂದಿಸಿದ ಸಸ್ಪೆನ್ಶನ್ನಿನಲ್ಲಿ.

ಖರ್ಚಿಲ್ಲದ ಚಿಕಿತ್ಸೆ ಮೊದಲು

ಹೊಸ ಭಾಗಗಳನ್ನು ಕೊಳ್ಳುವ ಮುನ್ನ ಮಾಡಬೇಕಾದ ಕೆಲಸಗಳಿವೆ. ಮೊದಲನೆಯದು ಟೈರಿನ ಗಾಳಿ. ಕೈಪಿಡಿಯಲ್ಲಿ ಹೇಳಿದ ಪ್ರಮಾಣವನ್ನು ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ ಪರೀಕ್ಷಿಸಬೇಕು. ಗಾಳಿ ಹೆಚ್ಚಾದರೆ ಟೈರು ಕಲ್ಲಿನಂತಾಗುತ್ತದೆ. ಕಡಿಮೆಯಾದರೆ ಹೊಂಡದಲ್ಲಿ ರಿಮ್ಮಿಗೆ ಪೆಟ್ಟು ಬೀಳುತ್ತದೆ.

ಎರಡನೆಯದು ತಗ್ಗಿನ ಅಳತೆ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ನೆಲಕ್ಕೆ ತಾಗದಿರುವಾಗ, ಚಕ್ರದ ಅಚ್ಚಿನಿಂದ ನೇರ ಮೇಲಕ್ಕೆ ಆಸನದ ಬದಿಯ ಒಂದು ಗುರುತಿನ ವರೆಗೆ ಅಳೆಯಿರಿ. ಬಳಿಕ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಮಾಮೂಲಿನಂತೆ ಕುಳಿತುಕೊಂಡು, ಒಬ್ಬರು ಗಾಡಿಯನ್ನು ಹಿಡಿದಿರಲಿ, ಇನ್ನೊಬ್ಬರು ಅದೇ ಅಳತೆಯನ್ನು ತೆಗೆಯಲಿ. ಮೊದಲು 610 ಮಿಲಿಮೀಟರ್ ಇದ್ದುದು ಈಗ 578 ಆದರೆ, ತಗ್ಗು 32 ಮಿಲಿಮೀಟರ್. ಚಕ್ರದ ಒಟ್ಟು ಚಲನೆ 100 ಮಿಲಿಮೀಟರ್ ಇರುವ ಗಾಡಿಗೆ ಇದು ಸರಿಯಾದ ಪ್ರಮಾಣ. ಒಟ್ಟು ಚಲನೆಯ ಸುಮಾರು ಮೂರನೆಯ ಒಂದು ಪಾಲು ತಗ್ಗಿರಬೇಕೆಂಬುದು ರೂಢಿಯ ಸೂತ್ರ.

ತಗ್ಗು ಹೆಚ್ಚಾಗಿದ್ದರೆ ಶಾಕಪ್ಪಿನ ಮೇಲಿರುವ ಹಲ್ಲುಗಳುಳ್ಳ ಉಂಗುರವನ್ನು ಕೊಕ್ಕೆ ಸ್ಪ್ಯಾನರಿನಿಂದ ಒಂದು ಮೆಟ್ಟಿಲು ಮೇಲಕ್ಕೆ ತಿರುಗಿಸಬೇಕು. ಎರಡೂ ಬದಿಗಳಲ್ಲಿ ಮೆಟ್ಟಿಲು ಸಮನಾಗಿರಲಿ. ಇದರಿಂದ ಸ್ಪ್ರಿಂಗಿನ ಗಡಸುತನ ಹೆಚ್ಚುವುದಿಲ್ಲ. ಗಾಡಿ ಕುಳಿತುಕೊಳ್ಳುವ ಎತ್ತರ ಮಾತ್ರ ಬದಲಾಗುತ್ತದೆ. ಪತ್ನಿಯೋ ಮಗನೋ ನಿತ್ಯವೂ ಹಿಂದೆ ಕುಳಿತುಕೊಳ್ಳುವವರಾದರೆ ಈ ಹೊಂದಿಕೆ ಅವರನ್ನೂ ಕೂರಿಸಿಕೊಂಡೇ ಆಗಬೇಕು. ಹಿಂದೆ ಕುಳಿತವರು ಹಿಂಚಕ್ರದ ಸಮೀಪದಲ್ಲಿದ್ದು, ಮುಂಬರುವ ಹೊಂಡವನ್ನು ಕಾಣದೆ ಏಟು ತಿನ್ನುವವರಾದ್ದರಿಂದ ಅವರ ಚಿಂತೆ ಮೊದಲಾಗಬೇಕು.

ಮೂರನೆಯದು ಫೋರ್ಕಿನ ಎಣ್ಣೆ. ಇಂಜಿನ್ನಿನ ಎಣ್ಣೆಯನ್ನು ಬದಲಿಸುವ ನಾವು ಇದನ್ನು ಮರೆತೇಬಿಡುತ್ತೇವೆ. ಕೈಪಿಡಿ ಹೇಳುವ ಅವಧಿಗೆ, ಅದೇ ದರ್ಜೆಯ ಎಣ್ಣೆಯನ್ನು ಅದೇ ಅಳತೆಗೆ ತುಂಬಿಸಬೇಕು. ಪರೀಕ್ಷೆ ಸುಲಭ: ಮುಂದಿನ ಬ್ರೇಕು ಹಿಡಿದು ಹ್ಯಾಂಡಲನ್ನು ಬಲವಾಗಿ ಒತ್ತಿಬಿಡಿ. ಮೇಲೆದ್ದು ಒಮ್ಮೆಲೇ ನೆಲೆನಿಂತರೆ ಸರಿ. ಎರಡು ಮೂರು ಸಲ ಕುಪ್ಪಳಿಸಿದರೆ ಎಣ್ಣೆ ಕೆಟ್ಟಿದೆ. ಕೊಳವೆಯ ಮೇಲೆ ಜಿಡ್ಡಿನ ಗೆರೆ ಕಂಡರೆ ಸೀಲು ಹೋಗಿದೆಯೆಂದು ತಿಳಿಯಬೇಕು. ಸೋರಿದ ಎಣ್ಣೆ ಬ್ರೇಕಿಗೆ ತಗಲಿದರೆ ಪ್ರಾಣಕ್ಕೇ ಅಪಾಯ.

ಹೊಸ ಭಾಗಗಳು ಯಾವಾಗ?

ಇಷ್ಟಾದ ಮೇಲೂ ತೃಪ್ತಿಯಿಲ್ಲದಿದ್ದರೆ ಹೊಸದನ್ನು ಯೋಚಿಸಬಹುದು. ತೂಕ ಹೆಚ್ಚಿರುವವರು ಮುಂದಿನ ಸ್ಪ್ರಿಂಗುಗಳನ್ನು ತಮ್ಮ ತೂಕಕ್ಕೆ ತಕ್ಕಂತೆ ಬದಲಿಸಿಕೊಳ್ಳುವುದು ಉತ್ತಮ. ಹಿಂದಕ್ಕೆ ಸಾರಜನಕ ಅನಿಲ ತುಂಬಿದ ಶಾಕಪ್ಪುಗಳು ಲಭ್ಯವಿವೆ. ಸತತ ಕುಲುಕಾಟದಲ್ಲಿ ಎಣ್ಣೆ ನೊರೆಯಾಗಿ ಬಲಗುಂದುವುದನ್ನು ಅನಿಲದ ಒತ್ತಡ ತಡೆಯುತ್ತದೆ. ಆದರೆ ಉದ್ದ ಮೂಲದಷ್ಟೇ ಇರಬೇಕು. ಉದ್ದ ಹೆಚ್ಚಿದರೆ ಹಿಂಭಾಗ ಎದ್ದು ಗಾಡಿಯ ಸಮತೋಲವೂ ತಿರುವಿನಲ್ಲಿನ ವರ್ತನೆಯೂ ಬದಲಾಗುತ್ತವೆ. ಜೋಡಿಯಲ್ಲಿ ಒಂದನ್ನು ಮಾತ್ರ ಬದಲಿಸುವುದು ಸಲ್ಲದು. ಬೇರೆ ಗಾಡಿಯಿಂದ ಬಿಚ್ಚಿದ ಭಾಗಗಳಿಂದ ದೂರವಿರುವುದೇ ಕ್ಷೇಮ.

ಉಪಾಯವೂ ಮಿತಿಯೂ

ಎಂಥ ಉತ್ತಮ ಶಾಕಪ್ಪಾದರೂ ವೇಗಕ್ಕೆ ಮದ್ದಲ್ಲ. ವೇಗ ಹೆಚ್ಚಿದಷ್ಟೂ ಹೊಂಡದ ಏಟು ಕಠಿಣವಾಗುತ್ತದೆ. ತಪ್ಪಿಸಲಾಗದ ಹೊಂಡ ಬಂದಾಗ ಮೊದಲೇ ನಿಧಾನಿಸಿ, ಪಾದಗಳನ್ನು ಊರಿ, ಆಸನದಿಂದ ತುಸು ಎದ್ದು, ಮೊಣಕಾಲುಗಳನ್ನು ಸಡಿಲವಾಗಿಡಿ. ಏಟನ್ನು ಕಾಲುಗಳು ಹೀರಿಕೊಳ್ಳುತ್ತವೆ, ಬೆನ್ನು ಪಾರಾಗುತ್ತದೆ. ದೂರ ಪ್ರಯಾಣದಲ್ಲಿ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯುವುದು ಹಿತಕರ.

ಈಗಾಗಲೇ ಬೆನ್ನುನೋವಿರುವವರು ಗ್ಯಾರೇಜಿನಲ್ಲಿ ಅದಕ್ಕೆ ಚಿಕಿತ್ಸೆ ಸಿಕ್ಕೀತೆಂದು ಭಾವಿಸಬಾರದು. ನೋವು ಕಾಲಿಗಿಳಿದರೆ, ಕಾಲು ಜೋಮು ಹಿಡಿದರೆ, ಬಲಗುಂದಿದರೆ ವೈದ್ಯರನ್ನು ಕಾಣಬೇಕು. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂಧಿಯ ಸುತ್ತ ಸ್ಪರ್ಶಜ್ಞಾನ ಕುಂದಿದರೆ ಒಂದು ದಿನವೂ ತಡೆಯದೆ ಆಸ್ಪತ್ರೆಗೆ ಧಾವಿಸಬೇಕು. ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಹದಗೆಟ್ಟ ರಸ್ತೆಯಲ್ಲಿ ದ್ವಿಚಕ್ರವಾಹನ ಏರದಿರುವುದು ಲೇಸು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ದುಡಿಯುವ ಶರೀರವೇ ಬಂಡವಾಳ. ರಸ್ತೆಯನ್ನು ರಿಪೇರಿ ಮಾಡಿಸುವುದು ನಗರಪಾಲಿಕೆಯ ಕೈಯಲ್ಲಿದೆ. ಗಾಳಿ ನೋಡುವುದು, ಎಣ್ಣೆ ಬದಲಿಸುವುದು, ಉಂಗುರವನ್ನು ಒಂದು ಮೆಟ್ಟಿಲು ತಿರುಗಿಸುವುದು ನಮ್ಮ ಕೈಯಲ್ಲಿದೆ. ಬರುವ ಭಾನುವಾರ ಅರ್ಧ ಗಂಟೆಯನ್ನು ಈ ಕೆಲಸಕ್ಕೆ ಮೀಸಲಿಡೋಣ.